ಎರಡು ಬೀಗದ ವರ್ಷ

ಹೋದ ತಿಂಗಳು ಜಯನಗರಕ್ಕೆ ಹೋಗಿದ್ದೆ. ಕನ್ನಡಕದ ಕಡ್ಡಿ ಮುರಿದಿತ್ತು, ಹಾಕಿಸ್ಕೊಂಡು ಬರೋಣ ಅಂತ. ಬೇಗೂರಲ್ಲಿ ಬಸ್ ಹತ್ತಿದಾಗ ಬಿಸಿಲಿತ್ತು, ಫೋರ್ತ್ ಬ್ಲಾಕಲ್ಲಿ ಇಳಿಯೋ ಹೊತ್ತಿಗೆ ದಪ್ಪ ದಪ್ಪ ಹನಿ ಶುರುವಾಯ್ತು. ಓಡೋ ವಯಸ್ಸಲ್ಲ ನಂದು. ಹತ್ತಿರದ ಅಡ್ಡರಸ್ತೆಗೆ ತಿರುಗಿ ಒಂದು ಮುಚ್ಚಿದ ಅಂಗಡಿ ಮುಂದೆ ನಿಂತ್ಕೊಂಡೆ. ಬೆನ್ನು ಶಟರಿಗೆ ತಾಗ್ತು. ಒದ್ದೆ ಕಬ್ಬಿಣ, ಹಳೇ ಗ್ರೀಸು, ಪಕ್ಕದಲ್ಲಿ ಯಾರೋ ಮಾರ್ತಿದ್ದ ಸೇವಂತಿಗೆ ಹೂವು, ಮೂರೂ ಸೇರಿ ಒಂದು ವಾಸನೆ ಬಂತು. ತಿರುಗಿ ನೋಡದೇನೇ ಗೊತ್ತಾಯ್ತು ನಾನು ಎಲ್ಲಿ ನಿಂತಿದೀನಿ ಅಂತ. ನಮ್ಮ ಅಂಗಡಿ. ಈಗ ಅಲ್ಲಿ ಮೊಬೈಲ್ ಕವರ್ ಮಾರ್ತಾರೆ, ಬೋರ್ಡಲ್ಲಿ ಲೈಟಿನ ಅಕ್ಷರ. ಶಟರ್ ಮಾತ್ರ ಅದೇ. ಎಡಗಡೆ ಒಂದು ಬೀಗ, ಬಲಗಡೆ ಒಂದು ಬೀಗ.

ನಮ್ಮ ಅಂಗಡಿ ಅಂತ ಬರೆದೆ. ಆ ‘ನಮ್ಮ’ ಅನ್ನೋ ಮಾತಿಗೇ ಒಂದು ವರ್ಷ ಪೂರ್ತಿ ಕೇಸು ನಡೆದಿತ್ತು. ಮಳೆ ನಿಲ್ಲೋವರೆಗೂ ಅದನ್ನೇ ಯೋಚನೆ ಮಾಡ್ತಾ ನಿಂತಿದ್ದೆ. ಈಗ ಅಕ್ಕನ ಮೊಮ್ಮಗಳು ಕೊಟ್ಟ ಕಂಪ್ಯೂಟರಲ್ಲಿ ಒಂದೊಂದೇ ಅಕ್ಷರ ಹುಡುಕಿ ಬರೀತಾ ಇದೀನಿ. ಸ್ಟೀಲ್ ಮೇಲೆ ಬರೆಯೋದು ನಂಗೆ ಇದಕ್ಕಿಂತ ಸಲೀಸಾಗಿತ್ತು.

ನಾನು ಹುಳಿಯಾರಿನವನು. ಹೆಸರು ಮೂರ್ತಿ. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟೆ. ಬಸ್‌ಸ್ಟಾಂಡ್ ಹತ್ರ ಪಾತ್ರೆಗೆ ಹೆಸರು ಹಾಕೋರೊಬ್ಬರು ಕೂರ್ತಿದ್ರು, ಅವರ ಪಕ್ಕ ಕೂತು ಉಳಿ, ಸುತ್ತಿಗೆ ಹಿಡಿಯೋದು ಕಲಿತೆ. ಈಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ಆಗ ಹೊಸ ಪಾತ್ರೆ ತಗೊಂಡ್ರೆ ಅದರ ಮೇಲೆ ಮನೆಯವರ ಹೆಸರು ಹಾಕಿಸದೆ ಅಡುಗೆಮನೆಗೆ ತಗೊಂಡು ಹೋಗ್ತಿರಲಿಲ್ಲ. ಮದುವೆಗೆ ಕೊಟ್ರೆ ಕೊಟ್ಟೋರ ಹೆಸರು, ಗೃಹಪ್ರವೇಶಕ್ಕೆ ಕೊಟ್ರೆ ತಾರೀಖು. ಹಂಗಾಗಿ ನಂಗೆ ಅಕ್ಷರ ಮೊದಲು ಕೈಗೆ ಬಂತು, ಓದು ಆಮೇಲೆ. ಎಸ್ಸೆಸ್ಸೆಲ್ಸಿ ಪಾಸ್ ಮಾಡಿದ್ದು ಬೆಂಗಳೂರಿಗೆ ಬಂದು, ಸಂಜೆ ಕ್ಲಾಸಿಗೆ ಹೋಗಿ, ಮೀಸೆಯಲ್ಲಿ ಒಂದೊಂದು ಬಿಳಿ ಕೂದಲು ಕಾಣಿಸಿಕೊಂಡ ಮೇಲೆ.

ಚಿಕ್ಕಪೇಟೆಯ ಒಂದು ಪಾತ್ರೆ ಅಂಗಡಿ ಮೆಟ್ಟಿಲ ಮೇಲೆ ಹೆಸರು ಹಾಕ್ಕೊಂಡು ಕೂತಿದ್ದಾಗ ಗಂಗಣ್ಣ ಪರಿಚಯ ಆದ. ಗಂಗಾಧರ ಅಂತ. ಗುಬ್ಬಿ ಕಡೆಯವನು, ನನಗಿಂತ ಸ್ವಲ್ಪ ದೊಡ್ಡವನು. ಒಳಗೆ ಸೇಲ್ಸಲ್ಲಿದ್ದ. ಲೋಟ ತಗೊಳಕ್ಕೆ ಬಂದೋರ ಕೈಗೆ ಹಂಡೆ ಕೊಟ್ಟು ಕಳಿಸೋ ಬಾಯಿ ಅವನದು. ಒಂದಿನ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತು, "ಲೋ ಮೂರ್ತಿ, ನನ್ನ ಬಾಯಿ, ನಿನ್ನ ಕೈ. ನಾವ್ಯಾಕೋ ಇನ್ನೊಬ್ಬರಿಗೆ ದುಡೀಬೇಕು?" ಅಂದ. ಇದ್ದಬದ್ದದ್ದು ಇಬ್ರೂ ಹಾಕಿದ್ವಿ. ಜಯನಗರದಲ್ಲಿ ಅಂಗಡಿ ಸಿಕ್ತು. ಪಾರ್ಟ್ನರ್‌ಶಿಪ್ ಡೀಡಲ್ಲಿ ಅವನಿಗರ್ಧ, ನನಗರ್ಧ. ಬೋರ್ಡಲ್ಲೂ ಹಂಗೇ. ಗಂಗಾಮೂರ್ತಿ ಮೆಟಲ್ಸ್. ಹಸಿರು ಬಣ್ಣ, ಹಳದಿ ಅಕ್ಷರ.

ನಾನು ಮದುವೆ ಆಗ್ಲಿಲ್ಲ. ಮಾತು ಬರ್ತಿತ್ತು, ಹೋಗ್ತಿತ್ತು, ಆಮೇಲೆ ಬರೋದೇ ನಿಂತು ಹೋಯ್ತು. ತಿಲಕ್ ನಗರದಲ್ಲಿ ಮಹಡಿ ಮೇಲೆ ಒಂದು ರೂಮು. ಭಾನುವಾರ ಮಾತ್ರ ಬನಶಂಕರಿಯಲ್ಲಿ ಗಂಗಣ್ಣನ ಮನೇಲಿ ಊಟ. ಅವನ ಹೆಂಡ್ತಿಯನ್ನ ನಾನು ಅತ್ತಿಗೆ ಅಂತಿದ್ದೆ. ನಾನು ಬಂದಿದ್ದು ನೋಡಿ ಅವರು ಬಾ ಅಂತಾನೂ ಹೇಳ್ತಿರಲಿಲ್ಲ, ಇನ್ನೊಂದು ತಟ್ಟೆ ಇಡೋರು ಅಷ್ಟೇ. ಈ ಊರಲ್ಲಿ ನನಗಿದ್ದ ಮನೆ ಅಂದ್ರೆ ಅದೊಂದೇ.

ನಾನು ಹೇಳ್ತಿರೋದು ತೊಂಬತ್ತೆಂಟನೇ ಇಸವಿ. ಆ ವರ್ಷ ಅಂಗಡೀಲಿ ಮದುವೆ ಆರ್ಡರ್ ಕಮ್ಮಿಯಾಗಿತ್ತು. ಯಾಕೆ ಅಂತ ಕೇಳಿದ್ರೆ ಗಂಗಣ್ಣ, "ಈಗೆಲ್ಲ ಪ್ಲಾಸ್ಟಿಕ್ಕು, ಗಾಜು ಕೊಡ್ತಾರೆ ಕಣೋ, ಸ್ಟೀಲ್ ಯಾರಿಗೆ ಬೇಕು," ಅನ್ನೋನು. ಮಧ್ಯಾಹ್ನದ ಹೊತ್ತು ಎಲ್ಲಿಗೋ ಹೋಗ್ತಿದ್ದ. ಕಲೆಕ್ಷನ್ ಅಂತಿದ್ದ. ಆದ್ರೆ ನನ್ನ ಕೈಗೆ ಮಾತ್ರ ಕೆಲಸ ಕಮ್ಮಿ ಆಗಿರಲಿಲ್ಲ. ನಮ್ಮಲ್ಲಿ ತಗೊಂಡ ಪಾತ್ರೆಗೆ ಹೆಸರು ಫ್ರೀ, ಅದು ಮೊದಲಿಂದ ಬಂದ ಪದ್ಧತಿ. ಜನ ಬಟ್ಟೆ ಚೀಲದಲ್ಲಿ ಪಾತ್ರೆ ತರೋರು, "ಗಂಗಣ್ಣ ಕಳಿಸಿದ್ರು," ಅನ್ನೋರು, ನಾನು ಕರೆಂಟಿನ ಕೆತ್ತೋ ಮಷೀನ್ ಆನ್ ಮಾಡ್ತಿದ್ದೆ. ಅವನ ಹೆಸರು ಹೇಳಿದ್ರೆ ಸಾಕು, ಇನ್ನೇನು ಕೇಳೋದು? ತಲೆ ಎತ್ತಿ ಮುಖ ನೋಡ್ತಿದ್ದಿದ್ದೂ ಕಮ್ಮಿ. ಹೆಸರು ಕೇಳೋದು, ಹಾಕೋದು, ಬಟ್ಟೇಲಿ ಒರೆಸಿ ಕೊಡೋದು.

ಗಣೇಶನ ಹಬ್ಬ ಕಳೆದು, ಸಂಜೆ ಸಂಜೆ ಮಳೆ ಬರ್ತಿದ್ದ ದಿನಗಳು. ಒಬ್ಬ ಹೆಂಗಸು ಇಡ್ಲಿ ಪಾತ್ರೆ ತಂದ್ರು. "ಸೊಸೆ ಹೆಸರು ಹಾಕಿ. ಭಾರತಿ ಅಂತ." ಹಾಕ್ಕೊಟ್ಟೆ. ಅವರು ಚೀಲಕ್ಕೆ ಹಾಕ್ಕೊಂಡು ಅಂಗಡಿ ಸುತ್ತ ಒಂದ್ಸಲ ಕಣ್ಣಾಡಿಸಿ, "ಇದಕ್ಕಿಂತ ನಿಮ್ಮ ಜೆ.ಪಿ. ನಗರದ ಬ್ರಾಂಚೇ ಚೆನ್ನಾಗಿದೆ ಬಿಡಿ. ಅಲ್ಲೂ ಒಂದು ಹೆಸರು ಹಾಕೋ ಮಷೀನ್ ಇಟ್ಬಿಡಿ, ಇಷ್ಟು ದೂರ ಬರೋದು ತಪ್ಪುತ್ತೆ," ಅಂದ್ರು.

"ಯಾವ ಬ್ರಾಂಚು ಮೇಡಂ?"

"ಅದೇ ರೀ, ಗಂಗಾ ಮೆಟಲ್ಸು. ನಿಮ್ಮ ಗಂಗಣ್ಣನೋರೇ ಹೇಳಿದ್ರಲ್ಲ, ಜಯನಗರದಲ್ಲಿ ನಮ್ಮೋನೊಬ್ಬ ಇದಾನೆ, ಹೆಸರು ಹಾಕ್ಕೊಡ್ತಾನೆ, ದುಡ್ಡು ತಗೊಳಲ್ಲ ಅಂತ."

ಮಾರನೇ ದಿನ ಬಸ್ ಹತ್ತಿ ಹೋಗಿ ನೋಡಿದೆ. ಒಳಗೆ ಹೋಗ್ಲಿಲ್ಲ. ಎದುರುಗಡೆ ಬಸ್‌ಸ್ಟಾಪಲ್ಲಿ ನಿಂತು ನೋಡಿದೆ. ಗಲ್ಲಾದಲ್ಲಿ ಗಂಗಣ್ಣನ ಬಾಮೈದ ಕೂತಿದ್ದ. ಹಸಿರು ಬೋರ್ಡು, ಹಳದಿ ಅಕ್ಷರ. ನಮ್ಮ ಬೋರ್ಡ್ ಬರೆದ ಪೇಂಟರೇ ಬರೆದಿದ್ದು, ‘ಗಂಗಾ’ ಅನ್ನೋದು ಅಚ್ಚು ಹಾಕಿದ ಹಂಗೇ ಇತ್ತು. ನನ್ನ ಅರ್ಧ ಇರಲಿಲ್ಲ. ಬಾಗಿಲ ಪಕ್ಕ ಹಂಡೆ, ಕೊಳಗ, ತಟ್ಟೆ ಕಟ್ಟಿಟ್ಟಿದ್ರು, ಮೇಲೆ ಅರಿಶಿನ ಹಚ್ಚಿದ ಚೀಟಿ. ಮದುವೆ ಆರ್ಡರ್. ಸ್ಟೀಲ್ ಯಾರಿಗೆ ಬೇಕು ಅಂದಿದ್ದನಲ್ಲ, ಬೇಕಾದವರೆಲ್ಲ ಇಲ್ಲಿದ್ರು. ಎರಡು ಬಸ್ ಬಂದು ಹೋದ್ವು, ನಾನು ಹತ್ತಲಿಲ್ಲ.

ಸಂಜೆ ಗಿರಾಕಿ ಇಲ್ಲದ ಹೊತ್ತು ನೋಡಿ ಕೇಳಿದೆ. ಗಂಗಣ್ಣ ಮುಚ್ಚಿಡಲಿಲ್ಲ.

"ನಿಂಗೆ ಹೇಳೋಣ ಅಂತಾನೇ ಇದ್ದೆ ಕಣೋ."

"ಯಾವಾಗ?"

"ಸ್ವಲ್ಪ ಕಾಲೂರಲಿ ಅಂತ. ಅವಳ ತಮ್ಮ ಕೆಲಸ ಇಲ್ಲದೆ ಕೂತಿದ್ದ, ಮನೇಲಿ ದಿನಾ ರಂಪ. ನಿಂಗೇನೋ, ಒಂದು ಹೊಟ್ಟೆ. ಸಂಸಾರ ಇರೋನ ಕಷ್ಟ ನಿಂಗೆ ಗೊತ್ತಾಗಲ್ಲ."

"ಆರ್ಡರೆಲ್ಲ ಅಲ್ಲಿಗೆ ಕಳಿಸಿ, ಹೆಸರು ಹಾಕೋಕೆ ಮಾತ್ರ ನನ್ನ ಹತ್ರ ಕಳಿಸ್ತಿದ್ದೆಯಲ್ಲ ಗಂಗಣ್ಣ."

"ನಿನ್ನಷ್ಟು ಚೆನ್ನಾಗಿ ಯಾರು ಹಾಕ್ತಾರೋ?" ಅಂದ. ಹೊಗಳ್ತಾ ಇದಾನೆ ಅಂತಾನೇ ಅವನು ಅಂದ್ಕೊಂಡಿದ್ದ. ನಾನು ಮಷೀನ್ ಕಡೆ ತಿರುಗಿದ್ದು ನೋಡಿ ರೇಗ್ತು ಅನ್ಸುತ್ತೆ. "ನೀನು ಕೆತ್ತೋನು, ಕೆತ್ಕೊಂಡಿರು. ವ್ಯಾಪಾರದ ತಲೆಬಿಸಿ ನಿಂಗ್ಯಾಕೆ?"

"ಡೀಡಲ್ಲಿ ಕೆತ್ತೋನು ಅಂತ ಬರೆದಿಲ್ಲ. ಪಾರ್ಟ್ನರ್ ಅಂತ ಬರೆದಿದೆ."

ಅವತ್ತೇ ಕೊನೆ, ನಾವಿಬ್ಬರೂ ಅಷ್ಟು ಉದ್ದ ಮಾತಾಡಿದ್ದು.

ವಿಲ್ಸನ್ ಗಾರ್ಡನ್ನಲ್ಲಿ ಒಬ್ಬರು ಲಾಯರ್ ಮೇಡಂ ಇದ್ರು, ಮನೆ ಮುಂದಿನ ರೂಮೇ ಆಫೀಸು. ನಾನು ಹೇಳಿದ್ದೆಲ್ಲ ಕೇಳಿಸ್ಕೊಂಡು, "ಇದಕ್ಕೆ ಫಿಡ್ಯೂಷಿಯರಿ ಡ್ಯೂಟಿ ಅಂತಾರೆ ಮೂರ್ತಿ," ಅಂದ್ರು. ನಾನು ಎರಡು ಸಲ ಹೇಳಿಸ್ಕೊಂಡೆ, ಬಾಯಿಗೆ ಬರ್ಲಿಲ್ಲ. ಅವರೇ ಬಿಡಿಸಿ ಹೇಳಿದ್ರು. "ಪಾರ್ಟ್ನರ್ ಅಂದ್ರೆ ನೀವು ನಿದ್ದೆ ಮಾಡ್ತಿದ್ರೂ ನಿಮ್ಮ ಪಾಲಿಗೆ ಅವರು ಎದ್ದಿರಬೇಕು. ಅದು ಅವರ ಡ್ಯೂಟಿ. ನೀವು ಮಲಗಿದೀರ ಅಂತ ಎತ್ಕೊಂಡು ಹೋಗೋ ಹಂಗಿಲ್ಲ."

ಆಮೇಲೆ ಇನ್ನೊಂದು ಹೇಳಿದ್ರು. "ಅವರ ಕಡೆಯವರು ಒಂದೇ ಮಾತು ಹಿಡ್ಕೋತಾರೆ ನೋಡಿ. ಮೂರ್ತಿಗೆ ಮೊದಲಿಂದ ಗೊತ್ತಿತ್ತು, ಒಪ್ಕೊಂಡೇ ಸುಮ್ಮನಿದ್ದ ಅಂತ. ಗೊತ್ತಿರಲಿಲ್ಲ ಅನ್ನೋದನ್ನ ತೀರ್ಪು ಕೊಡೋರು ನಂಬಿದ್ರೆ ಅಂಗಡಿ ನಿಮಗೆ ಉಳಿಯುತ್ತೆ. ನಂಬಲಿಲ್ಲ ಅಂದ್ರೆ ನಿಮ್ಮ ಮಷೀನ್ ಎತ್ಕೊಂಡು ಆಚೆ ಬರಬೇಕು. ಅದಕ್ಕೇ ಇನ್ಮೇಲೆ ಅವರ ಕೈಯಿಂದ ಏನೂ ತಗೋಬೇಡಿ, ಏನೂ ಕೊಡಬೇಡಿ. ಒಂದು ಕಾಫೀನೂ ಬೇಡ. ಎಲ್ಲಾ ಸಾಕ್ಷಿ ಆಗುತ್ತೆ."

ಡೀಡಲ್ಲಿ ಬರೆದಿದ್ದ ಪ್ರಕಾರ ಜಗಳ ಬಂದ್ರೆ ಕೋರ್ಟಿಗಿಂತ ಮೊದಲು ಆರ್ಬಿಟ್ರೇಟರ್ ಅನ್ನೋ ಮಧ್ಯಸ್ಥರ ಹತ್ರ ಹೋಗಬೇಕಿತ್ತು. ಇಬ್ಬರ ಲಾಯರೂ ಒಪ್ಪಿ ಒಬ್ಬ ರಿಟೈರ್ಡ್ ಜಡ್ಜನ್ನ ಹಿಡಿದ್ರು. ಅವರ ಮನೆ ಜಯನಗರದಲ್ಲೇ, ಹಾಲಲ್ಲಿ ಡೈನಿಂಗ್ ಟೇಬಲ್ ಸುತ್ತ ಕೂತು ವಿಚಾರಣೆ. ಮೊದಲನೇ ದಿನಾನೇ ಗಂಗಣ್ಣ, ಮೂರ್ತಿ ಅಂಗಡಿ ಮಾಲು ಕದ್ದು ಸಾಗಿಸ್ತಾನೆ ಅಂದ, ನಮ್ಮ ಮೇಡಂ ಇಲ್ಲ, ಅವರೇ ಸಾಗಿಸ್ತಾರೆ ಅಂದ್ರು. ಜಡ್ಜು ಕನ್ನಡಕ ತೆಗೆದು ಇಬ್ಬರನ್ನೂ ನೋಡಿ, "ಶಟರಿಗೆ ಎಷ್ಟು ಬೀಗ?" ಅಂದ್ರು. ಎರಡು ಅಂದ್ವಿ. "ಎಡಗಡೆದು ಮೂರ್ತಿಯವರದ್ದು, ಬಲಗಡೆದು ಗಂಗಾಧರಯ್ಯನವರದ್ದು. ಹೊಸ ಬೀಗ ಹಾಕಿ, ಅವರವರ ಕೀ ಅವರವರ ಹತ್ರ. ತೆಗೆಯೋದೂ ಇಬ್ರೂ ಒಟ್ಟಿಗೆ, ಹಾಕೋದೂ ಒಟ್ಟಿಗೆ. ನಾನು ತೀರ್ಪು ಕೊಡೋವರೆಗೂ ಇದು ಆರ್ಡರ್." ಬರೆಸಿ ಸೈನ್ ಹಾಕಿದ್ರು.

ಹಿಂಗೆ ಆ ವರ್ಷ ಶುರುವಾಯ್ತು.

ಬೆಳಿಗ್ಗೆ ನಾನು ಬಂದು ಎಡಗಡೆ ಬೀಗ ತೆಗೆದು ನಿಲ್ತಿದ್ದೆ. ಗಂಗಣ್ಣ ಸ್ಕೂಟರಲ್ಲಿ ಬಂದು, ಸ್ಟಾಂಡ್ ಹಾಕಿ, ನನ್ನ ಕಡೆ ನೋಡದೆ ಬಲಗಡೆದು ತೆಗೀತಿದ್ದ. ಆಮೇಲೆ ಇಬ್ರೂ ಬಗ್ಗಿ ಶಟರ್ ಎತ್ತಬೇಕು. ಭಾರದ ಶಟರು, ಒಬ್ಬರೇ ಎತ್ತಿದ್ರೆ ಒಂದು ಕಡೆ ಸಿಕ್ಕಿ ಹಾಕ್ಕೋತಿತ್ತು. ಮಾತಿಲ್ಲದೆ ಸರಿಯಾಗಿ ಒಂದೇ ಸಲಕ್ಕೆ ಎತ್ತುತಿದ್ವಿ. ಕೈಗೆ ಹಳೇ ಅಭ್ಯಾಸ, ಕೇಸಿನ ನೋಟಿಸ್ ಆ ಕೈಗಳಿಗೆ ತಲುಪಿರಲಿಲ್ಲ.

ಎದುರು ಫುಟ್‌ಪಾತಲ್ಲಿ ಹೂವಿನ ಲಕ್ಷ್ಮಕ್ಕ ಕೂರೋಳು. ಮೊದಲು ದೇವರ ಫೋಟೋಗೆ ಒಂದು ಹಾರ ಕೊಡ್ತಿದ್ದಳು. ಈಗ ಅವನೂ ಒಂದು ತಗೋತಿದ್ದ, ನಾನೂ ಒಂದು ತಗೋತಿದ್ದೆ. ಒಂದೇ ಲಕ್ಷ್ಮಿ ಫೋಟೋಗೆ ಎರಡು ಹಾರ. ಅವನು ಊದುಬತ್ತಿ ಬೆಳಗಿ ಆದ ಮೇಲೆ ನಂದು. ಲಕ್ಷ್ಮಕ್ಕ ಸುಮ್ಮನಿರೋಳಲ್ಲ.

"ನಿಮ್ಮ ಜಗಳದಲ್ಲಿ ನಂಗೆ ಲಾಭ ಆಯ್ತು ಕಣ್ರಪ್ಪ. ಇನ್ನೊಬ್ಬನ್ನೂ ಪಾಲಿಗೆ ಸೇರಿಸ್ಕೊಳಿ, ಮೂರು ಹಾರ ಹೋಗುತ್ತೆ."

ಇಬ್ಬರಿಗೂ ನಗು ಬಂತು. ನಗಲಿಲ್ಲ.

ಅವನು ಗಲ್ಲಾದಲ್ಲಿ, ನಾನು ಬಾಗಿಲ ಪಕ್ಕದ ಬೆಂಚಲ್ಲಿ. ದಿನ ಪೂರ್ತಿ ಹಂಗೇ. ಗಿರಾಕಿ ಬಂದ್ರೆ ಅವನ ಗಂಟಲು ಹಳೇದೇ, "ಬನ್ನಿ ಅಕ್ಕ, ಏನ್ ಮಗಳ ಮದುವೇನಾ? ನೋಡಿದ್ರೆ ನಿಮ್ಮದೇ ಇನ್ನೂ ಆಗಿಲ್ಲ ಅನ್ಸುತ್ತೆ!" ಅಂತಿದ್ದ. ಗಿರಾಕಿ ಹೋದ ತಕ್ಷಣ ಮುಚ್ಚಳ ಹಾಕಿದ ಹಂಗೆ ಸುಮ್ಮನಾಗೋನು. ಆ ಮಧ್ಯಾಹ್ನಗಳು ನಂಗೆ ಇವತ್ತಿಗೂ ಕಿವಿಯಲ್ಲಿವೆ. ಫ್ಯಾನ್ ಶಬ್ದ. ಗಾಳಿಗೆ ಮೇಲೆ ನೇತು ಹಾಕಿದ ಸೌಟುಗಳು ಒಂದಕ್ಕೊಂದು ತಾಗೋ ಶಬ್ದ. ಮಾತು ಬಿಟ್ಟವನ ಕೆಮ್ಮು ಎಷ್ಟು ಜೋರಾಗಿ ಕೇಳಿಸುತ್ತೆ ಅಂತ ಆಗ ಗೊತ್ತಾಯ್ತು. ಹೆಸರು ಹಾಕೋಕೆ ಯಾರೂ ಇಲ್ಲದಾಗ ಹಳೇ ಮುಚ್ಚಳದ ಮೇಲೆ ಸುಮ್ಮನೆ ಗೆರೆ ಎಳೀತಿದ್ದೆ, ಮಷೀನ್ ಗುಂಯ್ ಅನ್ನಲಿ ಅಂತ.

ಭಾನುವಾರ ಇನ್ನೂ ಕಷ್ಟ. ಬೆಳಿಗ್ಗೆ ಬಟ್ಟೆ ಒಗೆದು ತಾರಸಿ ಮೇಲೆ ಒಣಗಾಕಿದ್ರೆ ಮುಂದೇನು ಅಂತ ತಿಳೀತಿರಲಿಲ್ಲ. ಹೋಟ್ಲಲ್ಲಿ ಊಟ ಮಾಡಿ ಲಾಲ್‌ಬಾಗಿಗೆ ಹೋಗಿ ಬಂಡೆ ಮೇಲೆ ಕೂರ್ತಿದ್ದೆ. ಒಂದ್ಸಲ ಕಾಲು ತಾನಾಗೇ ಬನಶಂಕರಿ ಬಸ್ಸಿನ ಹತ್ರ ಹೋಗಿ ನಿಂತಿತ್ತು. ಕಂಡಕ್ಟರ್ "ಹತ್ತೋದಾದ್ರೆ ಹತ್ತಿ ಯಜಮಾನ್ರೆ," ಅಂದ ಮೇಲೆ ಹಿಂದೆ ಬಂದೆ. ಊರಲ್ಲಿ ಅಕ್ಕನಿಗೆ ಫೋನಲ್ಲಿ ಎಲ್ಲಾ ಚೆನ್ನಾಗಿದೆ ಅಂತಿದ್ದೆ. ಅವಳು, "ಗಂಗಣ್ಣ ಹೆಂಗಿದಾನೆ?" ಅಂತ ಕೇಳೋಳು. "ದಿನಾ ನೋಡ್ತೀನಲ್ಲ, ಚೆನ್ನಾಗಿದಾನೆ," ಅಂತಿದ್ದೆ. ಅದು ಸುಳ್ಳೂ ಅಲ್ಲ.

ಚಳಿಗಾಲ ಬಂತು. ಸಂಕ್ರಾಂತಿ ಮುಂಚೆ ನಂಗೆ ಜ್ವರ ಹಿಡೀತು. ಏಳೋಕಾಗದೆ ಮಲಗಿದ್ದೆ. ಅಂಗಡಿ ತೆಗೆಯೋ ಹೊತ್ತು ದಾಟಿದ ಮೇಲೆ ಕೆಳಗಡೆ ಆಟೋ ನಿಂತ ಶಬ್ದ, ಮೆಟ್ಟಿಲ ಮೇಲೆ ಚಪ್ಪಲಿ ಶಬ್ದ. ಗಂಗಣ್ಣ ಬಾಗಿಲಲ್ಲಿ ನಿಂತಿದ್ದ.

"ಬೀಗ," ಅಂದ.

"ಜ್ವರ," ಅಂದೆ.

"ಕೀ ಕೊಡು, ತೆಗೆದು ತಂದುಕೊಡ್ತೀನಿ."

"ಕೊಡೋ ಹಂಗಿಲ್ಲ. ಆರ್ಡರ್."

ಅವನು ಒಳಗೆ ಬಂದು, ಗೂಟದಲ್ಲಿದ್ದ ನನ್ನ ಸ್ವೆಟರ್ ತೆಗೆದು ಹಾಸಿಗೆ ಮೇಲೆ ಎಸೆದ. "ಏಳು ಹಂಗಾದ್ರೆ."

ಆಟೋದಲ್ಲಿ ಇಬ್ರೂ ಒಂದೊಂದು ಕಡೆ ಹೊರಗೆ ನೋಡ್ತಾ ಕೂತಿದ್ವಿ. ತಿರುವಲ್ಲಿ ನಾನು ವಾಲಿದಾಗ ಅವನ ಕೈ ನನ್ನ ರಟ್ಟೆ ಹಿಡೀತು, ನೇರ ಆದ ತಕ್ಷಣ ಬಿಡ್ತು. ಅಂಗಡಿ ಮುಂದೆ ಇಳಿದು ನನ್ನ ಬೀಗ ತೆಗೆದೆ. ಲಕ್ಷ್ಮಕ್ಕ ಎದ್ದು ನಿಂತು ನೋಡ್ತಿದ್ದಳು. ಅದೇ ಆಟೋದಲ್ಲಿ ನನ್ನ ವಾಪಸ್ ಕಳಿಸಿದ. ಸಂಜೆ ಬೀಗ ಹಾಕೋಕೆ ಮತ್ತೆ ಬಂದ, ಮತ್ತೆ ಆಟೋ. ಈ ಸಲ ಅವನ ಕೈಯಲ್ಲಿ ಟಿಫನ್ ಕ್ಯಾರಿಯರ್ ಇತ್ತು. ರೂಮಿನ ಬಾಗಿಲ ಒಳಗೆ ಇಟ್ಟ.

"ಅವಳು ಕೊಟ್ಟಿದ್ದು. ನಾನಲ್ಲ."

ಗಂಜಿ, ನಿಂಬೆಹಣ್ಣಿನ ಉಪ್ಪಿನಕಾಯಿ. ಕ್ಯಾರಿಯರ್ ಮುಚ್ಚಳದ ಮೇಲೆ ಅತ್ತಿಗೆ ಹೆಸರು ಇತ್ತು, ನಾನೇ ಹಾಕಿದ್ದು, ಅಂಗಡಿ ಹೊಸದರಲ್ಲಿ. ಲಾಯರ್ ಮೇಡಂ ಕಾಫೀನೂ ಬೇಡ ಅಂದಿದ್ರು. ಗಂಜಿ ಬಗ್ಗೆ ಏನೂ ಹೇಳಿರಲಿಲ್ಲ ಅಂತ ಸಮಾಧಾನ ಮಾಡ್ಕೊಂಡು ಕುಡಿದೆ. ಜ್ವರ ಬಿಟ್ಟ ಮೇಲೆ ಕ್ಯಾರಿಯರ್ ತೊಳೆದೆ. ಪಾತ್ರೆ ಬರಿದಾಗಿ ವಾಪಸ್ ಕೊಡೋದು ನಮ್ಮ ಕಡೆ ಇಲ್ಲ. ಕೊಟ್ರೆ ಸಾಕ್ಷಿ, ಕೊಡದಿದ್ರೆ ಅತ್ತಿಗೆಗೆ ಅವಮಾನ. ಕೆಳಗಿನ ಡಬ್ಬಿಗೆ ಒಂದು ಹಿಡಿ ಸಕ್ಕರೆ ಹಾಕಿ ಗಲ್ಲಾ ಪಕ್ಕ ಇಟ್ಟೆ. ಸಂಜೆ ಗಂಗಣ್ಣ ಎತ್ಕೊಂಡ. ಅಲ್ಲಾಡಿದಾಗ ಒಳಗಡೆ ಸಕ್ಕರೆ ಸದ್ದು ಮಾಡ್ತು. ಇನ್ನೊಂದ್ಸಲ ಅಲ್ಲಾಡಿಸಿ ನೋಡಿ, ಸ್ಕೂಟರಿಗೆ ಸಿಕ್ಕಿಸ್ಕೊಂಡು ಹೋದ.

ಯುಗಾದಿಗೆ ಒಬ್ಬಟ್ಟು ಬಂತು. "ಅವಳು ಕೊಟ್ಟಿದ್ದು. ನಾನಲ್ಲ." ನಾನು ಸಕ್ಕರೆ ಹಾಕಿ ಕಳಿಸಿದೆ. ರಸ್ತೆ ತುಂಬ ಹೊಂಗೆ ಹೂವು ಉದುರೋ ಕಾಲ. ಒಂದಿನ ಮಾವಿನಕಾಯಿ ಚಿತ್ರಾನ್ನ ಬಂತು. ಮತ್ತೆ ಅದೇ ಮಾತು. ಆ ವರ್ಷ ಗಂಗಣ್ಣ ನನ್ನ ಹತ್ರ ಆಡಿದ್ದು ಹೆಚ್ಚೂಕಮ್ಮಿ ಅದೊಂದೇ ಮಾತು. ನಾನು ಅದಕ್ಕೇ ಕಾಯೋಕೆ ಶುರು ಮಾಡಿದ್ದೆ ಅಂದ್ರೆ ಯಾರಾದ್ರೂ ನಂಬ್ತಾರಾ?

ಈ ಮಧ್ಯೆ ವಿಚಾರಣೆ ನಡೀತಾನೇ ಇತ್ತು. ಲೆಕ್ಕ, ಡೀಡು, ಆಡಿಟರು, ವಾಯಿದೆ. ನನ್ನ ಸಾಕ್ಷಿ ಬಂದಿದ್ದು ಮಳೆಗಾಲ ಹಿಡಿದ ಮೇಲೆ. ಅವತ್ತು ಗಂಗಣ್ಣನ ಲಾಯರು ಒಂದು ಪ್ಲಾಸ್ಟಿಕ್ ಚೀಲ ತಂದಿದ್ರು. ಟೇಬಲ್ ಮೇಲೆ ಒಂದೊಂದೇ ತೆಗೆದಿಟ್ರು. ಲೋಟ, ಡಬ್ಬಿ, ಒಂದು ತಟ್ಟೆ, ಒಂದು ಇಡ್ಲಿ ಪಾತ್ರೆ. ಎಲ್ಲದರ ಮೇಲೂ ಹೆಸರು. ಇಡ್ಲಿ ಪಾತ್ರೆ ಮೇಲೆ ಭಾರತಿ.

"ಈ ಅಕ್ಷರ ಯಾರದ್ದು ಮೂರ್ತಿಯವರೇ?"

"ನಂದೇ ಸಾರ್."

"ಸರಿಯಾಗಿ ನೋಡಿ ಹೇಳಿ."

"ನೋಡೋದೇನಿದೆ ಸಾರ್. ನನ್ನ ಕೈದು."

"ಇವೆಲ್ಲ ಜೆ.ಪಿ. ನಗರದ ಅಂಗಡೀಲಿ ಮಾರಿದ್ದು. ಬಿಲ್ ಇದೆ. ಆ ಅಂಗಡಿ ಗಿರಾಕಿಗಳಿಗೆ ತಿಂಗಳಾನುಗಟ್ಲೆ ನೀವೇ ಪುಕ್ಕಟೆ ಕೆಲಸ ಮಾಡಿಕೊಟ್ಟಿದೀರ. ಈಗ ಅಂಗಡಿ ಇರೋದೇ ಗೊತ್ತಿರಲಿಲ್ಲ ಅಂತೀರ. ಗೊತ್ತಿಲ್ಲದೆ ಯಾರಾದ್ರೂ ಇಷ್ಟೊಂದು ಕೆತ್ತುತಾರಾ?"

ನಮ್ಮ ಮೇಡಂ ನನ್ನ ನೋಡಿದ್ರು. ಇದೇ ಪ್ರಶ್ನೆ ಬರುತ್ತೆ ಅಂತ ಅವರು ಹೇಳಿಕೊಟ್ಟಿದ್ರು, ಉತ್ತರಾನೂ ಹೇಳಿಕೊಟ್ಟಿದ್ರು. ನಂಗೆ ಒಂದೂ ನೆನಪಾಗ್ಲಿಲ್ಲ. ಟೇಬಲ್ ಮೇಲೆ ನನ್ನ ಅಕ್ಷರಗಳು ಸಾಲಾಗಿ ನಿಂತು ನನ್ನನ್ನೇ ನೋಡ್ತಾ ಇದ್ವು. ಇದ್ದಿದ್ದರಲ್ಲಿ ನಂಗೆ ಚೆನ್ನಾಗಿ ಬರ್ತಿದ್ದ ಕೆಲಸ ಅದೊಂದೇ, ಅದೇ ಅವನ ಕಡೆ ಸಾಕ್ಷಿಗೆ ನಿಂತಿತ್ತು.

ಹೊರಗಡೆ ಜೋರು ಮಳೆ. ಜಡ್ಜಿನ ಹೆಂಡತಿ, ಅಮ್ಮಾವ್ರು ಅಂತಿದ್ವಿ ನಾವು, ಅಷ್ಟು ದಿನ ಒಳಗಿನಿಂದ ಬಂದವರೇ ಅಲ್ಲ. ಅವತ್ತು ಎಲ್ಲರೂ ನೆನೆದು ಬಂದಿದ್ದು ನೋಡಿ ಕಾಫಿ ಮಾಡಿ ತಂದ್ರು. ಜಡ್ಜು, "ತಗೊಳಿ, ಕಾಫಿ ಕುಡಿದು ನಿಧಾನಕ್ಕೆ ಉತ್ತರ ಹೇಳಿ," ಅಂದ್ರು. ಲೋಟ ಕೈಗೆ ತಗೊಂಡೆ. ಬಿಸಿ ಇತ್ತು, ಅಂಚು ಹಿಡಿದು ತಿರುಗಿಸಿದೆ. ಕಂಠದ ಕೆಳಗೆ ಕಮಲಮ್ಮ ಅಂತ ಇತ್ತು. ಬೆರಳಿಂದ ಸವರಿ ನೋಡಿದೆ.

"ಇದೂ ನಂದೇ ಸಾರ್," ಅಂದುಬಿಟ್ಟೆ.

"ಯಾವುದು?" ಅಂದ್ರು ಜಡ್ಜು.

"ಈ ಲೋಟದ ಮೇಲಿರೋದೂ ನನ್ನ ಅಕ್ಷರಾನೇ. ಯಾವಾಗ ಹಾಕಿದೆನೋ ನೆನಪಿಲ್ಲ. ಕಮಲಮ್ಮ ಅಂದ್ರೆ ಯಾರು ಅಂತಾನೂ ಗೊತ್ತಿಲ್ಲ. ಈ ಮನೆಗೆ ನಾನು ಬಂದಿದ್ದೇ ಈ ಕೇಸ್ ಶುರುವಾದ ಮೇಲೆ ಸಾರ್."

ಅಮ್ಮಾವ್ರು ಬಾಗಿಲಲ್ಲೇ ನಿಂತಿದ್ರು. "ಹೌದು ರೀ, ನಮ್ಮಮ್ಮನ ಹೆಸರು. ಫೋರ್ತ್ ಬ್ಲಾಕಲ್ಲಿ ಹಾಕಿಸಿದ್ದು. ಇವರೇನಾ ಹಾಕಿದ್ದು?" ಅಂತ ನನ್ನನ್ನ ಹೊಸದಾಗಿ ನೋಡಿದ್ರು. ಜಡ್ಜು ತಮ್ಮ ಲೋಟ ಎತ್ತಿ ತಿರುಗಿಸಿ ನೋಡ್ಕೊಂಡ್ರು, ಟೇಬಲ್ ಮೇಲಿನ ಇಡ್ಲಿ ಪಾತ್ರೆ ನೋಡಿದ್ರು.

ಆಗ ಗಂಗಣ್ಣ ನಕ್ಕ. ಬೇಕು ಅಂತ ಅಲ್ಲ, ತಡೆಯೋಕಾಗದೆ. ಚಿಕ್ಕಪೇಟೆ ಮೆಟ್ಟಿಲ ಮೇಲೆ ನಗ್ತಿದ್ದ ನಗು ಅದು, ಭುಜ ಕುಣಿಸ್ಕೊಂಡು. ಅವನ ಲಾಯರು ತಿರುಗಿ ನೋಡಿದ ಮೇಲೆ ಕೆಮ್ಮಿದ ಹಂಗೆ ಮಾಡಿ ಬಾಯಿಗೆ ಕರ್ಚೀಫ್ ಇಟ್ಕೊಂಡ. ನಾನು ಕೇಸ್ ಗೆದ್ದಿದ್ದು ಅಲ್ಲೇ ಅಂತ ಮೇಡಂ ಆಮೇಲೆ ಹೇಳಿದ್ರು. ನಂಗೆ ನೆನಪಿರೋದು ಆ ನಗು. ಎಷ್ಟೋ ತಿಂಗಳ ಮೇಲೆ ಕೇಳಿದ್ದು.

ತೀರ್ಪು ಗಣೇಶನ ಹಬ್ಬದ ಹತ್ತಿರ ಬಂತು. ಹೆಸರು ಹಾಕೋನಿಗೆ ಪಾತ್ರೆ ಯಾವ ಅಂಗಡೀದು, ಯಾರ ಮನೇದು ಅಂತ ತಿಳಿದಿರಬೇಕಾಗಿಲ್ಲ, ಮೂರ್ತಿಗೆ ಗೊತ್ತಿರಲಿಲ್ಲ ಅಂತ ಬರೆದಿದ್ರು. ಪಾರ್ಟ್ನರ್ ಆದವನು ಇನ್ನೊಬ್ಬ ಪಾರ್ಟ್ನರಿಗೆ ಹೇಳದೆ ಅದೇ ವ್ಯಾಪಾರ ಬೇರೆ ಕಡೆ ಮಾಡಿದ್ದು ನಂಬಿಕೆಗೆ ದ್ರೋಹ ಅಂತ ಬರೆದಿದ್ರು. ಜೆ.ಪಿ. ನಗರದ ಅಂಗಡೀಲೂ ನಂಗೆ ಅರ್ಧ ಹಕ್ಕಿದೆ ಅಂತಾಯ್ತು. ಕೊನೆಗೆ ಲಾಯರುಗಳು ಕೂತು ಮಾತಾಡಿ ಒಪ್ಪಂದಕ್ಕೆ ಬಂದ್ರು. ಜಯನಗರದ್ದು ಪೂರ್ತಿ ನಂಗೆ, ಜೆ.ಪಿ. ನಗರದ್ದು ಪೂರ್ತಿ ಅವನಿಗೆ. ಒಬ್ಬರ ತಂಟೆಗೆ ಒಬ್ಬರು ಬರೋ ಹಂಗಿಲ್ಲ. ಮೇಡಂ ನನ್ನ ಕೈ ಕುಲುಕಿ, "ಇನ್ನೇನು ಬೇಕು ಮೂರ್ತಿ? ನಿಮ್ಮ ಮಾತು ನಂಬಿದ್ರಲ್ಲ," ಅಂದ್ರು. ನಂಬಿದ್ರು. ಅದು ನಂಗೆ ಬೇಕಾಗಿತ್ತು. ಆಚೆ ಬಂದು ಇದನ್ನ ಯಾರಿಗೆ ಹೇಳೋಣ ಅಂತ ಯೋಚನೆ ಮಾಡ್ತಾ ವಿಲ್ಸನ್ ಗಾರ್ಡನ್ನಿಂದ ತಿಲಕ್ ನಗರದವರೆಗೂ ನಡ್ಕೊಂಡೇ ಬಂದೆ. ಇಂಥದ್ದೆಲ್ಲ ಹೇಳ್ತಿದ್ದಿದ್ದು ಗಂಗಣ್ಣನಿಗೆ, ಅವನ ಮನೆ ಊಟದ ತಟ್ಟೆ ಮುಂದೆ ಕೂತು.

ಕೊನೇ ಬೆಳಿಗ್ಗೆ ಇಬ್ರೂ ಬಂದ್ವಿ. ಅವನು ತನ್ನ ಸಾಮಾನು ತಗೊಂಡು ಹೋಗೋದಿತ್ತು. ನಾನು ಎಡಗಡೆ, ಅವನು ಬಲಗಡೆ. ಬಗ್ಗಿ ಶಟರ್ ಎತ್ತಿದ್ವಿ. ಅವನ ಕುರ್ಚಿ ಮೇಲಿನ ದಿಂಬು, ಒಂದು ಛತ್ರಿ, ಡ್ರಾಯರಲ್ಲಿದ್ದ ಕನ್ನಡಕದ ಡಬ್ಬಿ. ಇಷ್ಟು ವರ್ಷದ್ದು ಒಂದು ಚೀಲ ತುಂಬಲಿಲ್ಲ. ಲಕ್ಷ್ಮಕ್ಕ ಅವತ್ತು ಇಬ್ಬರಿಗೂ ಸೇರಿ ಒಂದೇ ಹಾರ ಕೊಟ್ಟಳು, ದುಡ್ಡು ಬೇಡ ಅಂದಳು. ಯಾರು ಹಾಕೋದು ಅಂತ ಇಬ್ರೂ ಹಿಂದೆ ಮುಂದೆ ನೋಡಿದ್ವಿ. ಕೊನೆಗೆ ಅವನು ಸ್ಟೂಲ್ ಹತ್ತಿದ, ನಾನು ಸ್ಟೂಲ್ ಹಿಡ್ಕೊಂಡೆ.

ಸ್ಕೂಟರಿಗೆ ಚೀಲ ಕಟ್ಟಿ ಹೊರಡೋವಾಗ ತಿರುಗಿ ಬಂದ. ಜೇಬಿಂದ ಬೀಗ ತೆಗೆದ, ಕೀ ಅದರಲ್ಲೇ ಇತ್ತು. ನನ್ನ ಬೆಂಚಿನ ಮೇಲೆ, ಮಷೀನ್ ಪಕ್ಕ ಇಟ್ಟ.

"ನಿಂದಲ್ವಾ ಇದು," ಅಂದೆ.

"ಆ ಕಡೆ ಕೊಂಡಿ ಸ್ವಲ್ಪ ಸೊಟ್ಟ ಇದೆ. ಬೇರೆ ಬೀಗ ಕೂರಲ್ಲ." ಹೆಲ್ಮೆಟ್ ಹಾಕ್ಕೊಂಡು ಬಕಲ್ ಸಿಕ್ಕಿಸೋಕೆ ಒದ್ದಾಡಿದ. ಆಮೇಲೆ ರಸ್ತೆ ಕಡೆ ನೋಡ್ತಾ, "ಇದು ಅವಳು ಕೊಟ್ಟಿದ್ದಲ್ಲ. ನಾನು ಕೊಟ್ಟಿದ್ದು," ಅಂದ.

ಕಿಕ್ ಹೊಡೆದು ಹೋದ. ಆಮೇಲೆ ನಾವು ಭೇಟಿ ಆಗ್ಲಿಲ್ಲ. ಒಬ್ಬರ ತಂಟೆಗೆ ಒಬ್ಬರು ಬರಬಾರದು ಅಂತ ಬರೆದಿತ್ತಲ್ಲ, ಅದನ್ನ ಇಬ್ರೂ ಜಾಸ್ತಿನೇ ಪಾಲಿಸಿದ್ವಿ. ಕೆಲವು ವರ್ಷ ಆದ ಮೇಲೆ ಅವನ ಅಂಗಡಿ ಮುಚ್ಚಿತು ಅಂತ ಕೇಳಿದೆ. ಇನ್ನೂ ಕೆಲವು ವರ್ಷ ಆದ ಮೇಲೆ ನಂದೂ ಮುಚ್ಚಿದೆ. ಸ್ಟೀಲ್ ಮೇಲೆ ಹೆಸರು ಹಾಕಿಸೋರು ಈಗ ನಿಜವಾಗ್ಲೂ ಕಮ್ಮಿ.

ಆದ್ರೆ ಅಂಗಡಿ ಇದ್ದಷ್ಟು ದಿನ ಬಲಗಡೆಗೆ ಆ ಬೀಗಾನೇ ಹಾಕ್ತಿದ್ದೆ. ಎರಡೂ ಕೀ ನನ್ನ ಜೇಬಲ್ಲೇ. ಬೆಳಿಗ್ಗೆ ಬಂದು ಎಡಗಡೆದು ತೆಗೀತಿದ್ದೆ. ತೆಗೆದು ಎದ್ದು ನಿಲ್ತಿದ್ದೆ. ಬಲಗಡೆಗೆ ತಕ್ಷಣ ಹೋಗೋಕೆ ಯಾಕೋ ಆಗ್ತಿರಲಿಲ್ಲ. ರಸ್ತೆ ತುದಿಯಿಂದ ಸ್ಕೂಟರ್ ತಿರುಗೋ ಶಬ್ದ ಬಂದ್ರೆ ಕಿವಿ ಆ ಕಡೆ ಹೋಗ್ತಿತ್ತು. ಸ್ಕೂಟರ್ ಮುಂದೆ ಹೋದ ಮೇಲೆ ನಾನು ಬಲಗಡೆಗೆ ಹೋಗ್ತಿದ್ದೆ.

ಲಕ್ಷ್ಮಕ್ಕ ಹಾರ ಹಿಡ್ಕೊಂಡು ಕಾದು ಕಾದು ಬೈಯೋಳು. "ಬೇಗ ತೆಗಿಯಪ್ಪ, ಹೂವು ಬಾಡುತ್ತೆ. ಇನ್ನೂ ಯಾರು ಬರಬೇಕು?"

"ತಾಳಕ್ಕ," ಅಂತಿದ್ದೆ. "ಒಟ್ಟಿಗೇ ತೆಗೀಬೇಕು ಅಂತ ಜಡ್ಜ್ ಆರ್ಡರ್ ಇದೆ."